ಯುಎಸ್‌ಬಿ ಮಾತ್ರ ಇರುವ ಫೋಟೋ ಪ್ರಿಂಟರನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸಿದ ಬಗೆ

ನಮ್ಮ ಮನೆಯಲ್ಲಿರುವುದು ಎಪ್ಸನ್ ಎಲ್800. ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್. ಮಾಮೂಲಿ ನಾಲ್ಕು ಬಣ್ಣಗಳ ಜೊತೆಗೆ ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಇವೆ. ಹಾಗಾಗಿ ಮುಖದ ಮೇಲಿನ ಬೆಳಕು, ಆಕಾಶದ ನೀಲಿ ಇವೆಲ್ಲ ಚುಕ್ಕಿ ಕಾಣದ ಹಾಗೆ ನಯವಾಗಿ ಬರುತ್ತವೆ. ಪಾಸ್‌ಪೋರ್ಟ್ ಫೋಟೋ ಹಾಕಿಕೊಡುವ ಸಣ್ಣ ಸ್ಟುಡಿಯೋಗಳಲ್ಲಿ ಇದನ್ನು ನೀವು ನೋಡಿರಬಹುದು. ಇದಕ್ಕೆ ಸಂಪರ್ಕ ಅಂತ ಇರುವುದು ಹಿಂಬದಿಯ ಯುಎಸ್‌ಬಿ ಒಂದೇ. ವೈ-ಫೈ ಬೇಕು ಅನ್ನುವವರಿಗೆ ಎಲ್805 ಬಂತು. ಆದರೆ ಚೆನ್ನಾಗಿ ನಡೆಯುತ್ತಿರುವ ಪ್ರಿಂಟರನ್ನು ವೈ-ಫೈ ಒಂದಕ್ಕೋಸ್ಕರ ಬದಲಾಯಿಸಲು ನನಗೆ ಮನಸ್ಸಿರಲಿಲ್ಲ.

ಈಗ ಫೋಟೋಗಳೆಲ್ಲ ಇರುವುದು ಫೋನಿನಲ್ಲಿ, ಅಲ್ವಾ? ಮನೆಯವರು ಒಂದು ಫೋಟೋ ಪ್ರಿಂಟ್ ಹಾಕಬೇಕೆಂದರೆ ಅದನ್ನು ಮೆಸೇಜಿಂಗ್ ಆ್ಯಪ್‌ನಲ್ಲಿ ನನಗೆ ಕಳಿಸುತ್ತಿದ್ದರು. ಆ್ಯಪ್ ಅದನ್ನು ಕುಗ್ಗಿಸಿಯೇ ಕಳಿಸುತ್ತದೆ. ಸಣ್ಣ ಪ್ರಿಂಟಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಎ4ಗೆ ಹಾಕಿದರೆ ಕೂದಲಿನ ಎಳೆ, ಸೀರೆಯ ಜರಿ ಎಲ್ಲ ಕಲಸಿಹೋಗಿರುತ್ತವೆ. ಮೂಲ ಫೋಟೋ ಫೋನಿನಿಂದ ನೇರವಾಗಿ ಪ್ರಿಂಟರಿಗೆ ಹೋಗಬೇಕು, ಮಧ್ಯದಲ್ಲಿ ನನ್ನ ಲ್ಯಾಪ್‌ಟಾಪ್ ಬೇಕಾಗಬಾರದು. ಇದು ಗುರಿ.

ಪ್ರಿಂಟರನ್ನು ನೆಟ್‌ವರ್ಕ್‌ನಲ್ಲಿ ಕಾಣಿಸುವುದು ಈ ಕೆಲಸದ ಅರ್ಧ ಮಾತ್ರ. ಫೋನಿನಿಂದ ಕಳಿಸಿದರೂ ಲ್ಯಾಪ್‌ಟಾಪಿನಿಂದ ಹಾಕಿದಷ್ಟೇ ಚೆನ್ನಾಗಿ ಬರಬೇಕು. ಆ ಇನ್ನರ್ಧವೇ ಮುಖ್ಯ. ಕೆಳಗೆ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮಧ್ಯದಲ್ಲಿ ಯಾರು ಬೇಕು, ಯಾಕೆ ಬೇಕು

ಕೆಲವು ರೂಟರ್‌ಗಳ ಹಿಂದೆ ಯುಎಸ್‌ಬಿ ಪೋರ್ಟ್ ಇರುತ್ತದೆ. ಪ್ರಿಂಟರನ್ನು ಅಲ್ಲಿಗೇ ಚುಚ್ಚಿದರೆ ಆಗಲ್ವಾ ಅಂತ ಕೇಳಬಹುದು. ಡ್ರೈವರ್ (ಪ್ರಿಂಟರಿಗೆ ಅದರ ಭಾಷೆಯಲ್ಲಿ ಆದೇಶ ಕೊಡುವ ಸಾಫ್ಟ್‌ವೇರ್) ಇರುವ ಕಂಪ್ಯೂಟರ್‌ಗಳಿಗೆ ಆಗುತ್ತದೆ. ಫೋನಿಗೆ ಆಗುವುದಿಲ್ಲ. ಕಾರಣ ಇಷ್ಟೇ: ಫೋನಿನಲ್ಲಿ ಈ ಪ್ರಿಂಟರಿನ ಡ್ರೈವರ್ ಇಲ್ಲ. ಫೋನ್ ಐಪಿಪಿ ಎಂಬ ಪ್ರೋಟೋಕಾಲ್‌ನಲ್ಲಿ ಜೆಪೆಗ್, ಪಿಡಿಎಫ್ ಅಥವಾ ತನ್ನದೇ ರಾಸ್ಟರ್ (ಚುಕ್ಕಿ ಚುಕ್ಕಿಯಾಗಿ ಬಿಡಿಸಿದ) ರೂಪದಲ್ಲಿ ಚಿತ್ರ ಕಳಿಸುತ್ತದೆ. ಎಲ್800ಗೆ ಬೇಕಿರುವುದು ಎಪ್ಸನ್ನಿನ ಇಎಸ್‌ಸಿ/ಪಿ ಆದೇಶಗಳು: ಯಾವ ನಾಜಲ್ (ಇಂಕ್ ಚಿಮ್ಮುವ ಸಣ್ಣ ತೂತು) ಯಾವ ಜಾಗದಲ್ಲಿ ಯಾವ ಬಣ್ಣದ ಹನಿ ಹಾಕಬೇಕು ಎಂಬ ವಿವರ. ಫೋನಿನ ಭಾಷೆಯನ್ನು ಪ್ರಿಂಟರಿನ ಭಾಷೆಗೆ ಬದಲಾಯಿಸುವ ಒಬ್ಬರು ಮಧ್ಯದಲ್ಲಿ ಇರಲೇಬೇಕು. ರೂಟರಿನ ಪೋರ್ಟ್ ಬಂದದ್ದನ್ನು ಬಂದ ಹಾಗೆ ದಾಟಿಸುತ್ತದೆ, ಅಷ್ಟೇ.

ಆ ಕೆಲಸಕ್ಕೆ ರಾಸ್ಪ್‌ಬೆರ್ರಿ ಪೈ 3 ಮಾಡೆಲ್ ಬಿ ಎಂಬ ಪುಟ್ಟ ಕಂಪ್ಯೂಟರ್ ಹಾಕಿದೆ. ಒಂದು ಜಿಬಿ ರ‍್ಯಾಮ್, ನಾಲ್ಕು ಯುಎಸ್‌ಬಿ ಪೋರ್ಟ್, 100 ಎಂಬಿಪಿಎಸ್ ಲ್ಯಾನ್, ವೈ-ಫೈ ಎಲ್ಲ ಇದೆ. ಸಣ್ಣದಾದ ಝೀರೋ 2 ಡಬ್ಲ್ಯೂ ಕೂಡ ನಡೆಯುತ್ತದೆ. ಆದರೆ ಅದರ ರ‍್ಯಾಮ್ 512 ಎಂಬಿ. ಒಂದು ಸಣ್ಣ ಲೆಕ್ಕ ಹಾಕಿ. 4×6 ಇಂಚಿನ ಫೋಟೋ 720 ಡಿಪಿಐನಲ್ಲಿ (ಇಂಚಿಗೆ 720 ಚುಕ್ಕಿ) ಅಂದರೆ 2880×4320 ಪಿಕ್ಸೆಲ್. ಪಿಕ್ಸೆಲ್‌ಗೆ ಮೂರು ಬೈಟ್ ಅಂತ ಹಿಡಿದರೂ ಸುಮಾರು 37 ಎಂಬಿ. ಅದೇ ಎ4 ಆದರೆ 150 ಎಂಬಿ ಆಗುತ್ತದೆ. ಫೋನಿನಿಂದ ಬಂದದ್ದು ಐದಾರು ಎಂಬಿಯ ಜೆಪೆಗ್ ಆದರೂ ಒಳಗೆ ಅರಳಿದ ಮೇಲೆ ಈ ಗಾತ್ರಕ್ಕೆ ಹೋಗುತ್ತದೆ. ರ‍್ಯಾಮ್ ಸ್ವಲ್ಪ ಧಾರಾಳವಾಗಿದ್ದರೆ ಒಳ್ಳೆಯದು.

ಪವರ್ ಬಗ್ಗೆ ಒಂದು ಮಾತು. ಹಳೇ ಫೋನ್ ಚಾರ್ಜರ್ ಸಾಕಾಗುತ್ತಾ ಅಂತ ಮೊದಲು ನೋಡಿದೆ. ಪೈ ಬೂಟ್ ಆಯಿತು. ಆದರೆ ದೊಡ್ಡ ಫೋಟೋ ಪ್ರೊಸೆಸ್ ಮಾಡಲು ಶುರು ಮಾಡಿದ ಕೂಡಲೇ ಅದರ ಕೆಂಪು ದೀಪ ಆರಿ ಆರಿ ಹತ್ತತೊಡಗಿತು. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಆ ದೀಪ ಆರುತ್ತದೆ, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 5 ವೋಲ್ಟ್, 2.5 ಆಂಪಿಯರ್‌ನ ಸರಿಯಾದ ಅಡಾಪ್ಟರ್ ಹಾಕಿದ ಮೇಲೆ ದೀಪ ಸುಮ್ಮನಾಯಿತು. ಕೇಬಲ್ ಕೂಡ ಗಿಡ್ಡ, ದಪ್ಪ ಇರಲಿ.

ಸಾಫ್ಟ್‌ವೇರ್

ಪೈಯ ಮೆಮೊರಿ ಕಾರ್ಡಿಗೆ ಅದರ ಆಪರೇಟಿಂಗ್ ಸಿಸ್ಟಂ ಆದ ರಾಸ್ಪ್‌ಬೆರ್ರಿ ಪೈ ಓಎಸ್ ಲೈಟ್ ಹಾಕಿದೆ. ಡೆಸ್ಕ್‌ಟಾಪ್ ಬೇಕಿಲ್ಲ. ಇಮೇಜರ್ ಆ್ಯಪ್‌ನಲ್ಲೇ ಹೆಸರು, ವೈ-ಫೈ ಪಾಸ್‌ವರ್ಡ್, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಪೈಗೆ ಆದೇಶ ಕೊಡುವ ದಾರಿ) ಎಲ್ಲ ಮೊದಲೇ ತುಂಬಬಹುದು. ಮಾನಿಟರ್, ಕೀಬೋರ್ಡ್ ಹುಡುಕುವ ಗೋಜಿಲ್ಲ. ಆಮೇಲೆ ಮೂರು ಪ್ಯಾಕೇಜ್ ಹಾಕಬೇಕು: ಕಪ್ಸ್, ಗುಟೆನ್‌ಪ್ರಿಂಟ್, ಅವಾಹಿ.

ಕಪ್ಸ್ ಅಂದರೆ ಪ್ರಿಂಟ್ ಸರ್ವರ್. ಕೆಲಸಗಳನ್ನು ಕ್ಯೂನಲ್ಲಿ ಇಟ್ಟು ಒಂದೊಂದಾಗಿ ಪ್ರಿಂಟರಿಗೆ ಕಳಿಸುವುದು ಇದರ ಕೆಲಸ. ಇದನ್ನು ಬರೆದವರು ಮೈಕೆಲ್ ಸ್ವೀಟ್. ಅವಾಹಿ ಎಂಬುದು 'ಇಲ್ಲೊಂದು ಪ್ರಿಂಟರ್ ಇದೆ' ಎಂದು ನೆಟ್‌ವರ್ಕ್‌ನಲ್ಲಿ ಸಾರುವ ಪ್ರೋಗ್ರಾಂ. ಐಫೋನಿನ ಏರ್‌ಪ್ರಿಂಟ್ 2010ರಲ್ಲಿ ಬಂದಾಗಿನಿಂದ ಕೇಳಿಸಿಕೊಳ್ಳುವುದು ಈ ಸಾರುವಿಕೆಯನ್ನೇ. ಆಂಡ್ರಾಯ್ಡ್‌ನ ಪ್ರಿಂಟ್ ಸರ್ವೀಸ್ ಕೂಡ ಹೀಗೇ ಹುಡುಕುತ್ತದೆ.

ನಿಜವಾದ ಫೋಟೋ ಕೆಲಸ ಮಾಡುವುದು ಗುಟೆನ್‌ಪ್ರಿಂಟ್ ಎಂಬ ಡ್ರೈವರ್. ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ರಾಬರ್ಟ್ ಕ್ರಾವಿಟ್ಜ್ ಎಂಬವರು 1999ರಲ್ಲಿ ತಮ್ಮ ಫೋಟೋಗ್ರಫಿ ಹವ್ಯಾಸಕ್ಕೆ ಒಂದು ಆರು ಬಣ್ಣದ ಎಪ್ಸನ್ ಸ್ಟೈಲಸ್ ಫೋಟೋ ಇಎಕ್ಸ್ ಕೊಂಡರು. ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ. ಇದೇ ಮೈಕೆಲ್ ಸ್ವೀಟ್ ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ಬರೆದಿದ್ದ ಪ್ರಿಂಟ್ ಪ್ಲಗಿನ್ ತೆಗೆದುಕೊಂಡು ಆರು ಬಣ್ಣಕ್ಕೆ ಹೊಂದಿಸಿದರು. ಅದು ಗಿಂಪ್-ಪ್ರಿಂಟ್ ಎಂದು ಬೆಳೆದು, ಆಮೇಲೆ ಗುಟೆನ್‌ಪ್ರಿಂಟ್ ಆಯಿತು. ಒಬ್ಬ ಫೋಟೋ ಹುಚ್ಚಿನವರು ತಮ್ಮ ಪ್ರಿಂಟರಿಗೋಸ್ಕರ ಶುರು ಮಾಡಿದ ಕೆಲಸದಿಂದ ಇವತ್ತು ನನ್ನ ಎಲ್800 ನಡೆಯುತ್ತಿದೆ. ತಯಾರಕರ ಡ್ರೈವರ್‌ಗಳು ಇಂಟೆಲ್ ಥರದ ಪ್ರೊಸೆಸರ್‌ಗೆ ಮಾತ್ರ ಸಿದ್ಧವಾಗಿ ಸಿಗುವುದು ಸಾಮಾನ್ಯ. ಪೈಯಲ್ಲಿರುವುದು ಆರ್ಮ್ ಪ್ರೊಸೆಸರ್. ಸೋರ್ಸ್ ಕೋಡ್ ಎಲ್ಲರಿಗೂ ಸಿಗುವುದರಿಂದ ಗುಟೆನ್‌ಪ್ರಿಂಟ್ ಎಲ್ಲಿ ಬೇಕಾದರೂ ಓಡುತ್ತದೆ.

ಹಾಕಿದ ಮೇಲೆ ನಿಮ್ಮ ಯೂಸರನ್ನು 'ಎಲ್‌ಪಿಆಡ್ಮಿನ್' (ಪ್ರಿಂಟರ್ ನೋಡಿಕೊಳ್ಳುವವರ) ಗುಂಪಿಗೆ ಸೇರಿಸಿ, ಕಪ್ಸ್‌ಗೆ ಬೇರೆ ಯಂತ್ರಗಳಿಂದ ಆಡಳಿತ ನಡೆಸಲು ಮತ್ತು ಪ್ರಿಂಟರ್ ಹಂಚಲು ಅನುಮತಿ ಕೊಡಬೇಕು. ಆಮೇಲೆ ಬ್ರೌಸರಿನಲ್ಲಿ ಪೈಯ ವಿಳಾಸದ ಮುಂದೆ 631 ಎಂಬ ಪೋರ್ಟ್ ಸಂಖ್ಯೆ ಹೊಡೆದರೆ ಕಪ್ಸ್‌ನ ಪುಟ ತೆರೆಯುತ್ತದೆ. ಬ್ರೌಸರ್ ಸರ್ಟಿಫಿಕೇಟ್ ಬಗ್ಗೆ ಎಚ್ಚರಿಸುತ್ತದೆ. ಅದು ಪೈ ತಾನೇ ಮಾಡಿಕೊಂಡ ಸರ್ಟಿಫಿಕೇಟ್, ಮುಂದೆ ಹೋಗಬಹುದು. 'ಪ್ರಿಂಟರ್ ಸೇರಿಸು' ಒತ್ತಿದಾಗ ಎಲ್800 ತನ್ನ ಸೀರಿಯಲ್ ನಂಬರ್ ಸಮೇತ ಪಟ್ಟಿಯಲ್ಲಿ ಬಂತು. ವಿಳಾಸದಲ್ಲಿ ಸೀರಿಯಲ್ ಇರುವುದರಿಂದ ಮುಂದೆ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೂ ತೊಂದರೆ ಇಲ್ಲ. ಹೆಸರಿನಲ್ಲಿ ಮಧ್ಯೆ ಜಾಗ ಬಿಡಬಾರದು. 'ಈ ಪ್ರಿಂಟರ್ ಹಂಚು' ಎಂಬ ಚೌಕಕ್ಕೆ ಗುರುತು ಹಾಕಲೇಬೇಕು. ಅದಿಲ್ಲದಿದ್ದರೆ ಅವಾಹಿ ಏನನ್ನೂ ಸಾರುವುದಿಲ್ಲ.

ಕೆಳಗೆ ಕಾಣುತ್ತದೆ, ಮಹಡಿಯಲ್ಲಿ ಕಾಣುವುದಿಲ್ಲ

ಹಾಲ್‌ನಲ್ಲಿ ಕೂತರೆ ಫೋನಿಗೆ ಪ್ರಿಂಟರ್ ತಕ್ಷಣ ಸಿಕ್ಕಿತು. ಮಹಡಿ ಮೇಲಿನ ರೂಮಿನಲ್ಲಿ ಸಿಗಲಿಲ್ಲ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿತ್ತು.

ಇದು ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ಪರಿಸ್ಥಿತಿ. ಫೈಬರ್ ಹಾಕಿಕೊಟ್ಟವರ ಡಬ್ಬಿ ಬಾಗಿಲ ಹತ್ತಿರ ಇರುತ್ತದೆ. ಅದೇ ಒಂದು ರೂಟರ್. ಮೇಲೆ ಸಿಗ್ನಲ್ ಬರಲ್ಲ ಅಂತ ನಾವು ಇನ್ನೊಂದು ರೂಟರ್ ತಂದು ಆ ಡಬ್ಬಿಯಿಂದ ಅದಕ್ಕೆ ಕೇಬಲ್ ಎಳೆದಿರುತ್ತೇವೆ. ಫೋನಿನ ವೈ-ಫೈ ವಿವರ ತೆಗೆದು ನೋಡಿದೆ. ಕೆಳಗೆ ವಿಳಾಸ 192.168.1 ಅಂತ ಶುರುವಾಗುತ್ತಿತ್ತು, ಮೇಲೆ 192.168.0 ಅಂತ. ಅಂದರೆ ಮನೆಯೊಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್. ಅವಾಹಿಯ ಸಾರುವಿಕೆ 224.0.0.251 ಎಂಬ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ತಲುಪುವ) ವಿಳಾಸಕ್ಕೆ, 5353ನೇ ಪೋರ್ಟಿಗೆ ಹೋಗುತ್ತದೆ. ಅದು ಒಂದು ನೆಟ್‌ವರ್ಕ್ ದಾಟಿ ಇನ್ನೊಂದಕ್ಕೆ ಹೋಗದ ಹಾಗೆಯೇ ಅದನ್ನು ರೂಪಿಸಿದ್ದಾರೆ. ಎರಡೂ ವೈ-ಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಅದರಿಂದ ಏನೂ ಬದಲಾಗುವುದಿಲ್ಲ.

ಪರಿಹಾರ: ಮೇಲಿನ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡುವುದು, ಅಂದರೆ ಅದು ಬೇರೆ ನೆಟ್‌ವರ್ಕ್ ಕಟ್ಟದೆ ವೈ-ಫೈ ಮಾತ್ರ ಕೊಡುವ ಹಾಗೆ ಮಾಡುವುದು. ಹೆಚ್ಚಿನವುಗಳಲ್ಲಿ ಅದಕ್ಕೊಂದು ಮೋಡ್ ಇರುತ್ತದೆ. ನಮ್ಮದರಲ್ಲಿ ಇರಲಿಲ್ಲ. ಹಾಗಾಗಿ ಅದರ ವಿಳಾಸವನ್ನು ಕೆಳಗಿನ ನೆಟ್‌ವರ್ಕ್‌ನ ಒಂದು ಖಾಲಿ ವಿಳಾಸಕ್ಕೆ ಬದಲಾಯಿಸಿದೆ, ಡಿಎಚ್‌ಸಿಪಿ (ಫೋನು, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿದೆ, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ (ಇಂಟರ್‌ನೆಟ್ ಬರುವ) ಪೋರ್ಟಿನಿಂದ ತೆಗೆದು ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್‌ನ) ಪೋರ್ಟಿಗೆ ಹಾಕಿದೆ. ಮೊದಲು ವಿಳಾಸ, ಆಮೇಲೆ ಡಿಎಚ್‌ಸಿಪಿ, ಕೊನೆಗೆ ಕೇಬಲ್, ಈ ಕ್ರಮದಲ್ಲೇ ಮಾಡಿ. ಈಗ ಇಡೀ ಮನೆ ಒಂದೇ ನೆಟ್‌ವರ್ಕ್. ಮಹಡಿಯಲ್ಲೂ ಪ್ರಿಂಟರ್ ಕಾಣುತ್ತದೆ. ನೆಂಟರಿಗೆ ಕೊಡುವ ಗೆಸ್ಟ್ ವೈ-ಫೈನಲ್ಲಿ ಮಾತ್ರ ಕಾಣುವುದಿಲ್ಲ. ಅದು ಹಾಗೇ ಇರಬೇಕು.

ಇದೇ ಸಂದರ್ಭದಲ್ಲಿ ಮುಖ್ಯ ರೂಟರಿನಲ್ಲಿ ಪೈಗೆ ಒಂದು ಖಾಯಂ ವಿಳಾಸ ಕಾದಿರಿಸಿದೆ. ಪಟ್ಟಿಯಲ್ಲಿ ಯಾವುದು ಪೈ ಅಂತ ಗೊತ್ತಾಗದಿದ್ದರೆ ಮ್ಯಾಕ್ ವಿಳಾಸ (ಯಂತ್ರದ ಗುರುತು ಸಂಖ್ಯೆ) ನೋಡಿ. ಪೈ 3ರದ್ದು ಬಿ8:27:ಇಬಿ ಎಂದು ಶುರುವಾಗುತ್ತದೆ.

ಇನ್ನು ಫೋಟೋ ಕೆಲಸ

ಮೊದಲ ಪ್ರಿಂಟ್ ಬಂತು. ಫೋಟೋ ಕಾಗದದ ಮೇಲೆ ಬಂದಿತ್ತು, ಆದರೆ ಫೋಟೋ ಥರ ಇರಲಿಲ್ಲ. ಮಂಕು, ಒರಟು, ಸುತ್ತ ಬಿಳಿ ಅಂಚು. ನೆಟ್‌ವರ್ಕ್ ಸರಿ ಇದೆ, ಪ್ರಿಂಟರ್ ಸರಿ ಇದೆ. ಹಾಗಿದ್ದರೆ ಕೊರತೆ ಎಲ್ಲಿ?

ಲ್ಯಾಪ್‌ಟಾಪಿನಲ್ಲಿ ಪ್ರಿಂಟ್ ಕೊಡುವಾಗ ಕಾಗದ ಗ್ಲಾಸಿಯೋ ಮಾಮೂಲಿಯೋ, ಗುಣಮಟ್ಟ ಎಷ್ಟು, ಅಂಚು ಬೇಕೋ ಬೇಡವೋ ಎಂದು ನಾವು ಆರಿಸುತ್ತೇವೆ. ಫೋನ್ ಅಷ್ಟೆಲ್ಲ ಕೇಳುವುದಿಲ್ಲ. ಎಷ್ಟು ಪ್ರತಿ, ಯಾವ ಅಳತೆ, ಬಣ್ಣವೋ ಕಪ್ಪುಬಿಳುಪೋ ಅಷ್ಟೇ. ಫೋನ್ ಹೇಳದೆ ಬಿಟ್ಟದ್ದನ್ನೆಲ್ಲ ಕಪ್ಸ್ ಆ ಕ್ಯೂನ ಡೀಫಾಲ್ಟ್‌ನಿಂದ ತುಂಬಿಕೊಳ್ಳುತ್ತದೆ. ಡೀಫಾಲ್ಟ್ ಇದ್ದದ್ದು ಮಾಮೂಲಿ ಕಾಗದ, ಮಾಮೂಲಿ ಗುಣಮಟ್ಟ. ಗ್ಲಾಸಿ ಕಾಗದದ ಮೇಲೆ ಮಾಮೂಲಿ ಕಾಗದದ ಲೆಕ್ಕದಲ್ಲಿ ಇಂಕ್ ಬಿದ್ದಿತ್ತು. ಇದು ತಿರುಗುಮುರುಗಾದರೆ, ಅಂದರೆ ಮಾಮೂಲಿ ಕಾಗದಕ್ಕೆ ಗ್ಲಾಸಿ ಸೆಟಿಂಗ್ ಇದ್ದರೆ, ಇಂಕ್ ಜಾಸ್ತಿಯಾಗಿ ಹಾಳೆ ಒದ್ದೆಯಾಗಿ ಸುಕ್ಕಾಗುತ್ತದೆ.

ಹಾಗಾಗಿ ಒಂದೇ ಪ್ರಿಂಟರಿಗೆ ಎರಡು ಕ್ಯೂ ಮಾಡಿದೆ. ಕಪ್ಸ್ ಇದಕ್ಕೆ ಬೇಡ ಅನ್ನುವುದಿಲ್ಲ. ಒಂದರ ಹೆಸರು 'ಫೋಟೋ', ಇನ್ನೊಂದರದು 'ಕಾಗದ'. ಎರಡೂ ಅದೇ ಯುಎಸ್‌ಬಿ ವಿಳಾಸಕ್ಕೆ ಹೋಗುತ್ತವೆ, ಡೀಫಾಲ್ಟ್ ಮಾತ್ರ ಬೇರೆ. ಫೋನಿನಲ್ಲಿ ಎರಡು ಪ್ರಿಂಟರ್ ಕಾಣುತ್ತವೆ. ಯಾವ ಹಾಳೆ ಹಾಕಿದ್ದೀರೋ ಆ ಹೆಸರು ಆರಿಸಿದರೆ ಸಾಕು. ಮನೆಯಲ್ಲಿ ಎಲ್ಲರಿಗೂ ಇದು ತಕ್ಷಣ ಅರ್ಥವಾಯಿತು. ಈ ಇಡೀ ಕೆಲಸದಲ್ಲಿ ಒಂದೇ ಒಂದು ಉಪಾಯ ಎತ್ತಿಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ. ಎರಡಕ್ಕೂ ಒಟ್ಟೊಟ್ಟಿಗೆ ಕೆಲಸ ಕೊಡದೆ ಒಂದು ಮುಗಿದ ಮೇಲೆ ಇನ್ನೊಂದು ಕಳಿಸಿ.

'ಫೋಟೋ' ಕ್ಯೂಗೆ ಅಳತೆ 4×6 ಇಂಚು, ಸ್ಟುಡಿಯೋದವರು ಮ್ಯಾಕ್ಸಿ ಅನ್ನುವ ಸೈಜ್. ಕಾಗದದ ಬಗೆ ಗ್ಲಾಸಿ ಫೋಟೋ. ಬಾರ್ಡರ್‌ಲೆಸ್ ಆನ್. ಬಾರ್ಡರ್‌ಲೆಸ್‌ನಲ್ಲಿ ಚಿತ್ರ ಹಾಳೆಯ ಅಂಚನ್ನು ಸ್ವಲ್ಪ ದಾಟುತ್ತದೆ. ಹಾಗೆ ದಾಟಿದ ಇಂಕನ್ನು ಕೆಳಗಿನ ಸ್ಪಂಜ್ ಹೀರಿಕೊಳ್ಳುತ್ತದೆ. ಆ ಸ್ಪಂಜ್ ತುಂಬುವುದೂ ಒಂದು ಖರ್ಚೇ. ಅದಕ್ಕೇ 'ಕಾಗದ' ಕ್ಯೂನಲ್ಲಿ ಬಾರ್ಡರ್‌ಲೆಸ್ ಆಫ್ ಇಟ್ಟಿದ್ದೇನೆ.

ಗುಣಮಟ್ಟದ ವಿಷಯದಲ್ಲಿ ಅತಿ ಮೇಲಿನದಕ್ಕೆ ಹೋಗಲಿಲ್ಲ. ಪ್ರಿಂಟರ್ 5760×1440ರ ತನಕ ಹೋಗುತ್ತದೆ ಎಂದು ಡಬ್ಬದ ಮೇಲಿದೆ. ಆದರೆ ಪೈ 3 ಲೆಕ್ಕ ಹಾಕಿ ಕಳಿಸುವಷ್ಟರಲ್ಲಿ ಇಂಕ್ ಹಾಕುತ್ತಾ ಓಡಾಡುವ ಹೆಡ್ ಮಧ್ಯೆ ಮಧ್ಯೆ ಕಾದು ನಿಲ್ಲುತ್ತದೆ. ನಿಂತ ಜಾಗದಲ್ಲಿ ಹಿಂದಿನ ಸಾಲಿನ ಇಂಕ್ ಆಗಲೇ ಒಣಗಿರುತ್ತದೆ, ಮುಂದಿನ ಸಾಲು ಬಿದ್ದಾಗ ಅಲ್ಲಿ ತೆಳುವಾದ ಗೆರೆ ಕಾಣುವ ಸಾಧ್ಯತೆ ಇದೆ. 1440×720ಕ್ಕೆ ಇಳಿಸಿದ ಮೇಲೆ ಹೆಡ್ ತಡೆಯಿಲ್ಲದೆ ಓಡಾಡಿತು. ಕೈಯಲ್ಲಿ ಹಿಡಿದು ನೋಡುವ ದೂರದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ನಿಲ್ಲದೆ ಬಂದ 720, ನಿಂತು ನಿಂತು ಬಂದ 1440ಕ್ಕಿಂತ ಮೇಲು.

ಇನ್ನು ಕತ್ತರಿಸುವ ವಿಷಯ. ಫೋನ್ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 4:3. ಮ್ಯಾಕ್ಸಿ ಹಾಳೆ 3:2. ಆರು ಇಂಚಿನ ಉದ್ದ ತುಂಬಬೇಕಾದರೆ ಚಿತ್ರದ ಅಗಲ ನಾಲ್ಕೂವರೆ ಇಂಚು ಆಗುತ್ತದೆ, ಅಂದರೆ ಅರ್ಧ ಇಂಚು ಹೋಗಲೇಬೇಕು. ಮದುವೆ ಮನೆಯ ಗುಂಪು ಫೋಟೋದಲ್ಲಿ ಆ ಅರ್ಧ ಇಂಚಿನಲ್ಲಿ ಹಿಂದಿನ ಸಾಲಿನವರ ತಲೆ ಇರುತ್ತದೆ! ಇದನ್ನು ಕಪ್ಸ್‌ಗೆ ಬಿಡದೆ ಫೋನಿನ ಗ್ಯಾಲರಿಯಲ್ಲೇ 3:2ಕ್ಕೆ ಕ್ರಾಪ್ ಮಾಡಿ ಕಳಿಸಿ. ಏನು ಹೋಗಬೇಕು ಅಂತ ನೀವೇ ತೀರ್ಮಾನಿಸಬಹುದು. ಅರ್ಜಿಗಳಿಗೆ ಬೇಕಾಗುವ 35×45 ಮಿಲಿಮೀಟರ್ ಫೋಟೋಗಳಾದರೆ ಇದೇ ಹಾಳೆಯಲ್ಲಿ ಎಂಟು ಹಿಡಿಯುತ್ತವೆ, ಸಾಲಿಗೆ ನಾಲ್ಕರಂತೆ ಎರಡು ಸಾಲು.

ಬಣ್ಣ ನೋಡಲು ನಾನು ಇಟ್ಟುಕೊಂಡದ್ದು ಮನೆಯ ಒಂದು ಮದುವೆಯ ಫೋಟೋ. ಅದರಲ್ಲಿ ಬೇಕಾದದ್ದೆಲ್ಲ ಇದೆ. ಮಲ್ಲಿಗೆ ಮಾಲೆಯ ಬಿಳಿಯಲ್ಲಿ ಎಸಳು ಎಸಳಾಗಿ ಕಾಣದಿದ್ದರೆ ತಿಳಿ ಭಾಗ ಸುಟ್ಟಿದೆ ಎಂದರ್ಥ. ಆ ಬಿಳಿಗೆ ಗುಲಾಬಿ ಅಥವಾ ಹಸಿರು ಛಾಯೆ ಬಂದಿದ್ದರೆ ತಿಳಿ ಇಂಕ್‌ಗಳ ಸಮತೋಲ ತಪ್ಪಿದೆ. ಜಡೆಯ ಕಪ್ಪಿನಲ್ಲಿ ಹೆಣಿಗೆ ಕಾಣಬೇಕು. ಕೆಂಪು ರೇಷ್ಮೆಯಲ್ಲಿ ಮಡಿಕೆಗಳ ನೆರಳು ಉಳಿದಿರಬೇಕು. ಮುಖಗಳ ಬಣ್ಣ ನಿಮಗೇ ಗೊತ್ತಿರುತ್ತದೆ, ಯಾಕೆಂದರೆ ಅವರೆಲ್ಲ ನಿಮ್ಮವರೇ. ಗುಟೆನ್‌ಪ್ರಿಂಟ್‌ನ ಡೀಫಾಲ್ಟ್‌ನಲ್ಲಿ ನಮ್ಮ ಕಾಗದಕ್ಕೆ ಮುಖಗಳು ಸ್ವಲ್ಪ ಕಪ್ಪಿಟ್ಟಂತೆ, ಕೆಂಪು ಸ್ವಲ್ಪ ಅತಿಯಾಗಿ ಬಂತು. ಚಿತ್ರವನ್ನು ತಿಳಿಯಾಗಿಸುವ ಗ್ಯಾಮಾ ತುಸು ಏರಿಸಿ, ಬಣ್ಣದ ಕಡುಪಾದ ಸ್ಯಾಚುರೇಶನ್ ತುಸು ಇಳಿಸಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಅಂಕಿ ಬರೆದಿಡಿ. ಇಂಕ್ ಒಣಗುವ ತನಕ ಬಣ್ಣ ನೆಲೆಗೊಳ್ಳುವುದಿಲ್ಲ. ಬಂದ ಕೂಡಲೇ ತೀರ್ಪು ಕೊಡದೆ ಹಗಲಿನ ಬೆಳಕಿನಲ್ಲಿ ಕಿಟಕಿ ಹತ್ತಿರ ಹೋಲಿಸಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮೋಸ ಹೋಗುತ್ತೀರಿ.

ಉಳಿದ ಸಣ್ಣಪುಟ್ಟ

ಪ್ರಿಂಟ್ ಮಧ್ಯೆ ಹಾಳೆ ಸಿಕ್ಕಿಕೊಂಡರೆ ಅಥವಾ ಕರೆಂಟ್ ಹೋದರೆ ಕಪ್ಸ್ ಆ ಕ್ಯೂವನ್ನೇ ನಿಲ್ಲಿಸಿಬಿಡಬಹುದು. ಆಮೇಲೆ ಯಾರು ಏನು ಕಳಿಸಿದರೂ ಬರುವುದಿಲ್ಲ. ಎರಡೂ ಕ್ಯೂಗಳ ದೋಷ ನೀತಿಯನ್ನು 'ಕೆಲಸವನ್ನು ಮತ್ತೆ ಪ್ರಯತ್ನಿಸು' ಎಂದು ಬದಲಾಯಿಸಿ.

ವಿಂಡೋಸ್ ಲ್ಯಾಪ್‌ಟಾಪಿಗೆ ಪೈಯ ವಿಳಾಸ, 631, ಆಮೇಲೆ 'ಪ್ರಿಂಟರ್ಸ್' ಮತ್ತು ಕ್ಯೂ ಹೆಸರು ಹೀಗೆ ಪೂರ್ತಿ ವಿಳಾಸ ಕೊಟ್ಟು ಸೇರಿಸಿದೆ. ತೊಂದರೆ ಆಗಲಿಲ್ಲ.

631ನೇ ಪೋರ್ಟನ್ನು ರೂಟರಿನಲ್ಲಿ ಹೊರಗಿನ ಇಂಟರ್‌ನೆಟ್‌ಗೆ ಯಾವ ಕಾರಣಕ್ಕೂ ತೆರೆಯಬೇಡಿ. ಕಪ್ಸ್ ಜೊತೆ ಬರುವ 'ಕಪ್ಸ್-ಬ್ರೌಸ್ಡ್' ಎಂಬ ಸರ್ವೀಸ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಗಂಭೀರ ಭದ್ರತಾ ದೋಷ ಹೊರಬಿತ್ತು. ಅದು ಬೇರೆಯವರ ಪ್ರಿಂಟರ್ ಹುಡುಕಲು ಇರುವಂಥದ್ದು. ನಮ್ಮ ಪೈ ಯಾರನ್ನೂ ಹುಡುಕಬೇಕಾಗಿಲ್ಲ. ಅದನ್ನು ಪೂರ್ತಿ ಆಫ್ ಮಾಡಿದ್ದೇನೆ, ಫೋನುಗಳಿಂದ ಪ್ರಿಂಟ್ ಮೊದಲಿನಂತೆಯೇ ಬರುತ್ತಿದೆ.

ಪ್ರಿಂಟರ್ ಎಲ್ಲೋ ಮೂಲೆಯಲ್ಲಿ ಇರುವುದರಿಂದ ಗೋಡೆಯ ಸ್ವಿಚ್‌ಗೆ ಸ್ಮಾರ್ಟ್ ಪ್ಲಗ್ ಹಾಕಿ ಫೋನಿನಿಂದಲೇ ಆನ್-ಆಫ್ ಮಾಡೋಣ ಅನ್ನಿಸುತ್ತದೆ. ಇಂಕ್‌ಜೆಟ್‌ಗೆ ಅದು ಬೇಡ. ಪ್ರಿಂಟರಿನದೇ ಬಟನ್ ಒತ್ತಿದಾಗ ಹೆಡ್ ಬಲಗಡೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯಲ್ಲಿ ಕರೆಂಟ್ ಕಿತ್ತರೆ ಹೆಡ್ ಇದ್ದಲ್ಲೇ ಉಳಿದು, ನಾಜಲ್‌ನಲ್ಲಿ ಇಂಕ್ ಒಣಗಬಹುದು. ಆಫ್ ಮಾಡುವುದಾದರೆ ಬಟನ್‌ನಿಂದಲೇ ಮಾಡಿ.

ಫೋಟೋ ಪ್ರಿಂಟರ್ ವಾರಗಟ್ಟಲೆ ಸುಮ್ನೆ ಕೂತರೂ ನಾಜಲ್ ಕಟ್ಟುತ್ತವೆ. ಗುಟೆನ್‌ಪ್ರಿಂಟ್ ಯೋಜನೆಯದೇ 'ಎಸ್ಕ್‌ಪ್ಯುಟಿಲ್' ಎಂಬ ಸಣ್ಣ ಪ್ರೋಗ್ರಾಂ ಇದೆ. ಅದಕ್ಕೆ ನಾಜಲ್ ಪರೀಕ್ಷೆಯ ಹಾಳೆ ಪ್ರಿಂಟ್ ಮಾಡಲು ಬರುತ್ತದೆ. ಪೈ ಹೇಗೂ ದಿನವಿಡೀ ಎಚ್ಚರ ಇರುವುದರಿಂದ, ಪ್ರತಿ ಭಾನುವಾರ ಬೆಳಗ್ಗೆ 'ಕಾಗದ' ಕ್ಯೂಗೆ ಒಂದು ಪರೀಕ್ಷೆ ಕಳಿಸುವಂತೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ನಡೆಸುವ ಪ್ರೋಗ್ರಾಂ) ಹಾಕಿದ್ದೇನೆ. ಆರೂ ಬಣ್ಣ ಒಂದಿಷ್ಟು ಹರಿಯುತ್ತವೆ. ಹಾಳೆಯಲ್ಲಿ ಮುರಿದ ಗೆರೆ ಕಂಡರೆ ಆಗ ಮಾತ್ರ ಹೆಡ್ ಕ್ಲೀನಿಂಗ್ ಕೊಡುತ್ತೇನೆ, ಯಾಕೆಂದರೆ ಕ್ಲೀನಿಂಗ್‌ಗೆ ಇಂಕ್ ಜಾಸ್ತಿ ಹೋಗುತ್ತದೆ. ತಿಳಿ ಸಯಾನ್, ತಿಳಿ ಮಜೆಂಟಾ ಗೆರೆಗಳನ್ನು ಬಿಳಿ ಹಾಳೆಯ ಮೇಲೆ ಗುರುತಿಸುವುದು ಕಷ್ಟ, ಬಿಸಿಲಿಗೆ ಹಿಡಿದು ನೋಡಿ. ಭಾನುವಾರ ಪರೀಕ್ಷೆಯ ಹೊತ್ತಿಗೆ ಪ್ರಿಂಟರ್ ಆಫ್ ಇದ್ದರೆ ಕೆಲಸ ಕ್ಯೂನಲ್ಲೇ ಕಾಯುತ್ತದೆ, ಆನ್ ಮಾಡಿದ ಕೂಡಲೇ ಹೊರಬರುತ್ತದೆ. ಹಾಗಾಗಿ ಫೋಟೋ ಹಾಕಿ ಮುಗಿದ ಮೇಲೆ ಉಳಿದ ಗ್ಲಾಸಿ ಹಾಳೆಗಳನ್ನು ಹಿಂದಿನ ಟ್ರೇನಲ್ಲಿ ಬಿಡಬೇಡಿ. ತೆಗೆದು ಅದರ ಕವರಿಗೆ ಹಾಕಿ, ಟ್ರೇಗೆ ನಾಲ್ಕು ಮಾಮೂಲಿ ಎ4 ಹಾಳೆ ಇಡಿ.